ಕದಲದ ಜೀರಂಗಿ

"ಸಿಕ್ತು! ಎಲ್ಲರೂ ಮೆಲ್ಲಗೆ ಬನ್ನಿ!"

ಹಲ್ಲಿನ ಡಾಕ್ಟರು ಪಿಸುಗುಟ್ಟಿದ್ದು ಪಕ್ಕದ ಬೀದಿಗೂ ಕೇಳಿಸಿತು. ಸ್ಟುಡಿಯೋದ ಹಿತ್ತಿಲಲ್ಲಿ ನಾಲ್ಕು ಜನ ಮೊಣಕಾಲೂರಿ, ಅಂಬೆಗಾಲಿಡುವ ಮಕ್ಕಳ ಹಾಗೆ ಮುಂದೆ ಸರಿದರು. ಎಲ್ಲರ ಕೊರಳಲ್ಲೂ ಕ್ಯಾಮೆರಾ. ಎದುರಿನ ಎಲೆಯ ಮೇಲೆ ಒಂದು ಜೀರಂಗಿ. ಹೆಬ್ಬೆರಳಿನ ಉಗುರಿನಷ್ಟು ಹುಳ, ಕನ್ನಡಿಯಂತೆ ಹೊಳೆಯುವ ಹಸಿರು ಬೆನ್ನು.

ಅದು ಹಾರಲಿಲ್ಲ. ಓಡಲಿಲ್ಲ. ಮದುವೆ ಫೋಟೋಗೆ ನಿಂತ ಗಂಡಿನ ಹಾಗೆ ನಿಲ್ಲಿಸಿದ ಜಾಗದಲ್ಲೇ ಇತ್ತು.

ಡಾಕ್ಟರು ಫೋಟೋ ತೆಗೆದರು. ಟೈಲರಮ್ಮ ತೆಗೆದರು. ಹೊಸದಾಗಿ ಸೇರಿದ್ದ ಬಸ್ ಡ್ರೈವರ್ ಕೂಡ ತೆಗೆದ. ಕೊನೆಗೆ ಇನ್ಸ್‌ಪೆಕ್ಟರ್ ಮೇಡಂ ಸರದಿ. ಅವರು ಕ್ಯಾಮೆರಾಗೆ ಕಣ್ಣಿಟ್ಟರು. ಒಂದು ಇರುವೆ ಬಂದು ಜೀರಂಗಿಯ ಕಣ್ಣಿನ ಮೇಲೇ ನಡೆದುಹೋಯಿತು. ಜೀರಂಗಿಯ ಮೀಸೆ ಮಿಸುಕಲಿಲ್ಲ. ಕಾಲುಗಳೆಲ್ಲ ಹೊಟ್ಟೆಯಡಿ ಮಡಚಿಕೊಂಡಿದ್ದವು.

ಮೇಡಂ ಕ್ಯಾಮೆರಾ ಕೆಳಗಿಳಿಸಿದರು. ಪೊಲೀಸ್ ಕೆಲಸದಲ್ಲಿ ಕೂದಲು ನರೆತು, ಹೋದ ವರ್ಷ ರಿಟೈರ್ ಆದವರು. ಹೆಣ ಯಾವುದು, ಜೀವ ಯಾವುದು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಇದು ಸತ್ತಿದೆ. ಸತ್ತಿದ್ದಷ್ಟೇ ಅಲ್ಲ, ಯಾರೋ ಎಲೆಗೆ ಅಂಟಿಸಿದ್ದಾರೆ."

ಎಲ್ಲರೂ ತಿರುಗಿ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಬಾಗಿಲ ಹತ್ತಿರ, ಎರಡೂ ಕೈ ಜೇಬಿನಲ್ಲಿಟ್ಟು ನಿಂತಿದ್ದರು. ವಾರವೆಲ್ಲ ಈ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವ ಮನುಷ್ಯ. ಭಾನುವಾರ ಬೆಳಿಗ್ಗೆ ಮಾತ್ರ ಹುಳು ಹುಪ್ಪಟೆಗಳನ್ನು ತೀರಾ ಹತ್ತಿರದಿಂದ ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದರು. ಅವರ ಮೊದಲ ಪಾಠವೇ ಒಂದು ಕಟ್ಟಪ್ಪಣೆ: ಹುಳವನ್ನು ಹಿಡಿಯಬಾರದು, ಫ್ರಿಜ್ಜಿನಲ್ಲಿಟ್ಟು ಜೋಮು ಹಿಡಿಸಬಾರದು, ಅಂಟಿಸಬಾರದು. ಅದು ಕೂತಲ್ಲಿಗೆ ನೀವು ಹೋಗಿ. ಅದು ಎದ್ದು ಹೋದರೆ ಕೈಮುಗಿದು ವಾಪಸ್ ಬನ್ನಿ.

ಮೇಷ್ಟ್ರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು.

"ಇವತ್ತಿಗೆ ಸಾಕು. ಇನ್ನು ಮೇಲೆ ಕ್ಲಾಸ್ ಇರಲ್ಲ."

"ಮೇಷ್ಟ್ರೇ, ಯಾರೋ ಒಬ್ಬರು ಮಾಡಿದ್ದಕ್ಕೆ..." ಟೈಲರಮ್ಮ ಶುರು ಮಾಡಿದರು.

"ಇರಲ್ಲ ಅಂದ್ನಲ್ಲ."

ಇನ್ಸ್‌ಪೆಕ್ಟರ್ ಎದ್ದು ನಿಂತರು. ರಿಟೈರ್ ಆದ ಮೇಲೆ ಗೋಡೆ ನೋಡುತ್ತ ಕೂತಿದ್ದವರನ್ನು ತಂಗಿ ಕತ್ತು ಹಿಡಿದು ದಬ್ಬಿ ಈ ಕ್ಲಾಸಿಗೆ ಸೇರಿಸಿದ್ದಳು. ಜೀವಮಾನವಿಡೀ ಅನುಮಾನದಿಂದ ನೋಡಿದ ಕಣ್ಣಿಗೆ ಪ್ರೀತಿಯಿಂದ ನೋಡುವುದನ್ನು ಕಲಿಸಿದವರು ಮೇಷ್ಟ್ರು. ಈ ಬೆಳಗು ಇಲ್ಲದಿದ್ದರೆ ಅವರಿಗೆ ಮತ್ತೆ ಅದೇ ಗೋಡೆ.

"ಒಂದು ವಾರ ಕೊಡಿ. ಯಾರು ಅಂತ ನಾನು ಹುಡುಕ್ತೀನಿ. ಆಮೇಲೆ ನಿಮ್ಮಿಷ್ಟ."

ಮೇಷ್ಟ್ರು ಅವರನ್ನೇ ನೋಡಿದರು. ಬೇಡ ಅನ್ನುತ್ತಾರೆ ಅಂದುಕೊಂಡರೆ, "ಹುಡುಕಿ" ಅಂದುಬಿಟ್ಟರು.

* * *

ಮೊದಲ ಸುಳಿವು ಅವತ್ತೇ ಸಿಕ್ಕಿತು. ಸ್ವಂತ ಕ್ಯಾಮೆರಾ ಇಲ್ಲದವರಿಗೆಂದು ಕ್ಲಾಸಿನದೇ ಒಂದು ಹಗುರ ಕ್ಯಾಮೆರಾ ಇತ್ತು. ಅದು ವಾರವಿಡೀ ಸ್ಟುಡಿಯೋದ ಮೇಜಿನ ಮೇಲೆ ಬಿದ್ದಿರುತ್ತಿತ್ತು, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಇನ್ಸ್‌ಪೆಕ್ಟರ್ ಕೇಳಿದಾಗ ಮೇಷ್ಟ್ರು ತಕರಾರಿಲ್ಲದೆ ಕೊಟ್ಟರು. ಅದರೊಳಗೆ ಸತ್ತ ಜೀರಂಗಿಯ ಫೋಟೋಗಳು ಸಾಲುಸಾಲಾಗಿ ಇದ್ದವು. ಕ್ಲಾಸಿನಲ್ಲಿ ತೆಗೆದ ಕೊನೆಯದೊಂದನ್ನು ಬಿಟ್ಟರೆ ಎಲ್ಲ ಅವತ್ತಿನ ಬೆಳಗಿನವು, ಕ್ಲಾಸ್ ಶುರುವಾಗುವ ಮುಂಚಿನವು. ಎಲ್ಲವೂ ಮಸುಕು.

ಮಸುಕು ಅಂದರೆ ಕಲಿಯುವವನ ಕೈ. ಆ ಕ್ಯಾಮೆರಾ ಬಳಸುತ್ತಿದ್ದವನು ಡ್ರೈವರ್.

ಬಸ್ ಡಿಪೋದಲ್ಲಿ ಅವನು ಟೈರಿಗೆ ಒರಗಿ ಟೀ ಕುಡಿಯುತ್ತಿದ್ದ. ವಿಷಯ ಕೇಳಿ ಲೋಟ ಕೆಳಗಿಟ್ಟ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡಿ ಮೇಡಂ. ಭಾನುವಾರ ಆ ಕ್ಯಾಮೆರಾನ ಮೇಷ್ಟ್ರೇ ಒಳಗಿಂದ ತಂದು ನನ್ನ ಕೈಗೆ ಕೊಟ್ಟಿದ್ದು."

"ಅದಕ್ಕೆ ಮುಂಚೆ ನೀನು ಬಂದಿರ್ಲಿಲ್ಲ ಅಂತ ಹೇಗೆ ನಂಬೋದು?"

"ನನ್ನ ಫೋಟೋ ನೋಡಿ ನಂಬಿ."

ಕ್ಲಾಸಿನಲ್ಲಿ ತೆಗೆದದ್ದನ್ನೆಲ್ಲ ಅವನು ಮೊಬೈಲಿಗೆ ಹಾಕಿಕೊಂಡಿದ್ದ, ತೆಗೆದು ತೋರಿಸಿದ. ಚಿಟ್ಟೆಯ ಫೋಟೋದಲ್ಲಿ ಅರ್ಧ ರೆಕ್ಕೆ. ಜೇಡದ ಫೋಟೋದಲ್ಲಿ ಬರೀ ಕಾಲು. ಇನ್ನೊಂದರಲ್ಲಿ ಎಲೆ ಮಾತ್ರ.

"ಇದರಲ್ಲಿ ಹುಳ ಎಲ್ಲಪ್ಪಾ?"

"ಇತ್ತು ಮೇಡಂ. ಹೋಯ್ತು."

ಇನ್ಸ್‌ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಇನ್ನೊಂದು ಯೋಚನೆ ಬಂತು. ಬೆಳಗಿನ ಆ ಮಸುಕು ಫೋಟೋಗಳಲ್ಲಿ ಹುಳ ಎಲ್ಲೂ ಚೌಕಟ್ಟಿನಾಚೆ ಹೋಗಿರಲಿಲ್ಲ. ಪ್ರತಿಯೊಂದರಲ್ಲೂ ಅದರ ಕಣ್ಣು ಇರಬೇಕಾದ ಜಾಗದಲ್ಲೇ ಇತ್ತು. ಬೆಳಕೂ ಹದವಾಗಿತ್ತು. ಇವನ ಕೆಲಸ ಅಲ್ಲ.

* * *

ಹಲ್ಲಿನ ಡಾಕ್ಟರ ಕೈಯಲ್ಲಿ ಸಣ್ಣ ಚಿಮಟ, ಡಬ್ಬಿಯಲ್ಲಿ ಬಗೆಬಗೆಯ ಅಂಟು. ಮೇಲಾಗಿ ಬಹುಮಾನದ ಹುಚ್ಚು. ಅನುಮಾನ ಬರಲು ಇನ್ನೇನು ಬೇಕು?

ಇನ್ಸ್‌ಪೆಕ್ಟರ್ ಬಾಯಿ ತೆರೆಯುವ ಮೊದಲೇ ಡಾಕ್ಟರು ಬೆವರಿದರು.

"ಒಪ್ಕೋತೀನಿ ಮೇಡಂ. ತಪ್ಪಾಯ್ತು."

"ಯಾಕೆ ಅಂಟಿಸಿದ್ರಿ?"

"ಅಂಟಿಸೋದಾ? ಅಯ್ಯೋ, ಅದಲ್ಲ! ಹೋದ ಸಲ ಸ್ಪರ್ಧೆಗೆ ಇಬ್ಬನಿ ಅಂತ ಒಂದು ಫೋಟೋ ಕಳಿಸಿದ್ನಲ್ಲ, ಅದು ಇಬ್ಬನಿ ಅಲ್ಲ. ಸ್ಪ್ರೇ ಬಾಟ್ಲಿ ನೀರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು. ಆದರೆ ಇವರು ಮುಟ್ಟಿಕೊಂಡದ್ದು ಬೇರೆ ಕಾಯಿಯ ಬೂದಿಯನ್ನು. ಜೊತೆಗೆ ತಂದಿದ್ದ ಎಲೆಯ ಮೇಲಿನ ಅಂಟನ್ನು ಇನ್ಸ್‌ಪೆಕ್ಟರ್ ತೋರಿಸಿದಾಗ ಡಾಕ್ಟರು ತಲೆಯಾಡಿಸಿದರು. "ನಮ್ಮದು ಕಲ್ಲಿನ ಹಾಗೆ ಗಟ್ಟಿಯಾಗುತ್ತೆ. ಇದು ರಬ್ಬರ್ ಥರ ಎಳೆಯುತ್ತೆ ನೋಡಿ."

ಟೈಲರಮ್ಮನೂ ಅದನ್ನು ಬೆರಳಲ್ಲಿ ಹೊಸಕಿ ನೋಡಿದರು. "ಬಟ್ಟೆ ಅಂಟಲ್ಲ. ನಮ್ದು ಒಣಗಿದ್ರೆ ಹಳದಿ ಆಗುತ್ತೆ." ಆಮೇಲೆ ದನಿ ತಗ್ಗಿಸಿದರು. "ಅದ್ಯಾರೋ ಸಿಕ್ಕಿದ್ರೆ ಬೈಬೇಡಿ ಮೇಡಂ. ಕ್ಲಾಸ್ ಉಳಿಸಿ ಸಾಕು. ವಾರವೆಲ್ಲ ಸೂಜಿ ನೋಡೋ ಕಣ್ಣು ನಂದು. ಅಲ್ಲಿ ಬಂದ್ರೆ ಮಾತ್ರ ತಂಪಾಗುತ್ತೆ."

* * *

ಶನಿವಾರ ಮಧ್ಯಾಹ್ನ ಇನ್ಸ್‌ಪೆಕ್ಟರ್ ಊಟದ ಮೇಜಿನ ಮೇಲೆ ಆ ಫೋಟೋಗಳನ್ನೇ ಹರಡಿಕೊಂಡು ಕೂತಿದ್ದರು. ತಂಗಿ ತಟ್ಟೆ ಇಡಲು ಜಾಗವಿಲ್ಲದೆ ಗೊಣಗಿದಳು.

"ಅಕ್ಕಾ, ಹುಳನಾ ಅಥವಾ ಅನ್ನನಾ, ಒಂದು ತೀರ್ಮಾನ ಮಾಡು."

"ಇರೇ. ಇದರ ಬೆನ್ನ ಮೇಲೊಂದು ಬಿಳಿ ಕಲೆ ಇದೆಯಲ್ಲ, ಅದು ಪರದೆಯ ನೆರಳು... ಅಲ್ಲ, ಬಿಂಬ."

ಫ್ಲಾಶ್ ಬೆಳಕು ಹುಳಕ್ಕೆ ಚುಚ್ಚದಿರಲೆಂದು ಮುಂದೆ ಒಂದು ಬಿಳಿ ಪರದೆ ಕಟ್ಟುತ್ತಾರೆ. ಆ ಕ್ಲಾಸಿನಲ್ಲಿ ಪರದೆಯನ್ನು ಅವರವರೇ ಮನೆಯಲ್ಲಿ ಮಾಡಿಕೊಳ್ಳಬೇಕು. ನುಣುಪು ಬೆನ್ನಿನ ಹುಳದ ಮೇಲೆ ಅದರ ಆಕಾರ ಹಾಗೇ ಮೂಡುತ್ತದೆ. ಟೈಲರಮ್ಮನದು ಕಸೂತಿ ಚೌಕಟ್ಟಿಗೆ ಬಿಗಿದ ಲೈನಿಂಗ್ ಬಟ್ಟೆ, ದುಂಡಗೆ. ಡಾಕ್ಟರದು ಚೌಕ. ಮೇಷ್ಟ್ರದು ಕೊಡೆ ಬಟ್ಟೆಯ ದೊಡ್ಡ ಪರದೆ, ಉದ್ದಕ್ಕೆ. ಡ್ರೈವರಿಗೆ ಇನ್ನೂ ಪರದೆಯೇ ಇಲ್ಲ. ಈ ಫೋಟೋದಲ್ಲಿದ್ದದ್ದು ಅರ್ಧಚಂದ್ರ. ಅದರ ಒಂದು ಮೂಲೆ ಇಲಿ ಕಚ್ಚಿದಂತೆ ತಿಂದುಹೋಗಿತ್ತು. ಮಸುಕಿನಲ್ಲೂ ಅಷ್ಟು ಗೊತ್ತಾಗುತ್ತಿತ್ತು.

ತಂಗಿ ಬಗ್ಗಿ ನೋಡಿ ಜೋರಾಗಿ ನಕ್ಕಳು.

"ಅಯ್ಯೋ ಕರ್ಮವೇ! ಇದು ನಮ್ಮನೆ ಐಸ್‌ಕ್ರೀಂ ಡಬ್ಬಿ! ನೀನು ಕತ್ತರಿಸಿ ಒಲೆ ಪಕ್ಕ ಇಟ್ಟಿದ್ದೆ, ನಾನು ಮೂಲೆ ಸುಟ್ಟೆ. ಕಳ್ಳರನ್ನ ಹುಡುಕೋಕೆ ಹೋಗಿ ನೀನೇ ಸಿಕ್ಕಿಬಿದ್ಯಾ?"

ಇನ್ಸ್‌ಪೆಕ್ಟರ್ ನಗಲಿಲ್ಲ. ಅವರ ಪರದೆಯ ಹಿಡಿ ಕಿತ್ತುಬಂದಿತ್ತು. ರಿಪೇರಿಗೆಂದು ಹೋದ ವಾರ ಅದನ್ನು ಸ್ಟುಡಿಯೋದಲ್ಲಿ ಬಿಟ್ಟಿದ್ದರು. ಭಾನುವಾರ ಬೆಳಿಗ್ಗೆ ಅದು ಅಂಟಿಕೊಂಡು ವಾಪಸ್ ಬಂದಿತ್ತು. ಚೀಲದಿಂದ ತೆಗೆದು ಹಿಡಿಯನ್ನು ಉಗುರಿನಿಂದ ಕೆರೆದರು. ಅಂಟು ರಬ್ಬರಿನಂತೆ ಎಳೆಯಿತು. ಫೋಟೋ ಆಲ್ಬಂಗೆ ಹಾಕುವ ಗೋಂದು. ಕೈಯಲ್ಲೇ ಬೆಣ್ಣೆ ಇಟ್ಟುಕೊಂಡು ಅವರು ವಾರವಿಡೀ ತುಪ್ಪಕ್ಕೆ ಅಲೆದಿದ್ದರು.

"ಊಟ?" ಅಂದಳು ತಂಗಿ.

"ಬಂದೆ" ಅಂದರು ಇನ್ಸ್‌ಪೆಕ್ಟರ್, ಚಪ್ಪಲಿ ಮೆಟ್ಟುತ್ತ.

* * *

ಸ್ಟುಡಿಯೋದಲ್ಲಿ ಯಾರೂ ಗಿರಾಕಿ ಇರಲಿಲ್ಲ. ಮೇಷ್ಟ್ರ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕೂತಿತ್ತು. ಅದಕ್ಕೆ ಉದ್ದನೆಯ ವೈರು, ಕ್ಯಾಮೆರಾ ಮುಟ್ಟದೆಯೇ ಫೋಟೋ ತೆಗೆಯಲು ವೈರಿನ ತುದಿಗೊಂದು ಗುಂಡಿ. ಇನ್ಸ್‌ಪೆಕ್ಟರ್ ಪರದೆಯನ್ನು ಮೇಜಿನ ಮೇಲಿಟ್ಟರು.

"ಗೊತ್ತಾಯ್ತಾ?" ಅಂದರು ಮೇಷ್ಟ್ರು.

"ಗೊತ್ತಾಯ್ತು. ಗೋಂದು ನಿಮ್ಮದು. ಪರದೆ ನಿಮ್ಮ ಹತ್ರ ಇತ್ತು. ಆದ್ರೆ ಅದಕ್ಕಿಂತ ಮುಂಚೆ ಫೋಟೋಗಳೇ ಹೇಳಿದ್ವು, ನನಗೆ ಕೇಳಿಸ್ಲಿಲ್ಲ. ಕಲಿಯೋರ ಫೋಟೋ ಎಲ್ಲಾ ಕಡೆನೂ ಕೆಡುತ್ತೆ ಮೇಷ್ಟ್ರೇ. ಇದು ಒಂದೇ ಕಡೆ ಕೆಟ್ಟಿದೆ. ಚೌಕಟ್ಟು ಸರಿ, ಬೆಳಕು ಸರಿ, ಪ್ರತಿ ಸಲ ಕಣ್ಣಿಗೇ ಗುರಿ. ತೆಗೆದೋರಿಗೆ ಎಲ್ಲಾ ಗೊತ್ತಿದೆ, ಕೈ ಮಾತ್ರ ಮಾತು ಕೇಳ್ತಿಲ್ಲ." ಅವರ ದನಿ ಮೆತ್ತಗಾಯಿತು. "ಮುಂಚೆ ಈ ಸ್ಟ್ಯಾಂಡಿಗೆ ಧೂಳು ಕೂತಿರ್ತಿತ್ತು. ನಿಮ್ಮ ಕೈ ಜೇಬಿಂದ ಆಚೆ ಬಂದು ಎಷ್ಟು ದಿನ ಆಯ್ತು?"

ಮೇಷ್ಟ್ರು ನಿಧಾನವಾಗಿ ಕೈ ಹೊರಗೆ ತೆಗೆದರು. ಬಲಗೈ ನಡುಗುತ್ತಿತ್ತು. ಸಣ್ಣಗೆ, ಬಿಡದೆ.

"ನಾನು ಕೊಂದಿಲ್ಲ" ಅಂದರು. ಅದನ್ನೇ ಮೊದಲು ಹೇಳಬೇಕು ಅನ್ನಿಸಿತ್ತು ಅವರಿಗೆ.

"ಅದೂ ಗೊತ್ತು. ಒಣಗಿ ಕಡ್ಡಿಯಾಗಿತ್ತು, ಸತ್ತು ಬಹಳ ದಿನವಾಗಿತ್ತು."

"ಕಿಟಕೀಲಿ ಬಿದ್ದಿತ್ತು. ನನ್ನ ಕ್ಯಾಮೆರಾ, ಪರದೆ ಎಲ್ಲಾ ಭಾರ ಆಗಿದೆ. ಅದಕ್ಕೆ ಕ್ಲಾಸಿನ ಹಗುರ ಕ್ಯಾಮೆರಾ, ನಿಮ್ಮ ಪರದೆ ತಗೊಂಡೆ. ಹಾರೋ ಹುಳ ನನಗೋಸ್ಕರ ಕಾಯಲ್ವಲ್ಲ? ಕಾಯೋದು ಸತ್ತಿದ್ದೇ. ಒಂದೇ ಒಂದು ಫೋಟೋ ಸರಿ ಬಂದಿದ್ರೆ ಯಾರಿಗೂ ಹೇಳ್ದೆ ಇನ್ನೊಂದು ವರ್ಷ ಕಲಿಸ್ತಿದ್ದೆ. ಬರ್ಲಿಲ್ಲ. ಬ್ಯಾಟರಿ ಬದಲಾಯಿಸೋಕೆ ಒಳಗೆ ಹೋದೆ. ಬರೋಷ್ಟರಲ್ಲಿ ನೀವೆಲ್ಲ ಬಂದಿದ್ರಿ, ಡ್ರೈವರಿಗೆ ಕ್ಯಾಮೆರಾ ಕೊಟ್ಟು ತಿರುಗೋಷ್ಟರಲ್ಲಿ ಅದರ ಮುಂದೆ ಮೊಣಕಾಲೂರಿದ್ರಿ." ಮೇಷ್ಟ್ರು ಕಣ್ಣು ಮುಚ್ಚಿದರು. "ಬೇಲಿನೇ ಎದ್ದು ಹೊಲ ಮೇಯ್ತು. ಫೋಟೋ ತೆಗೆಯೋಕೆ ಬರದೋನು ಏನು ಕಲಿಸ್ತಾನೆ ಮೇಡಂ?"

ಇನ್ಸ್‌ಪೆಕ್ಟರ್ ಪಕ್ಕದ ಸ್ಟೂಲಿನ ಮೇಲೆ ಕೂತರು. ಆ ನಡುಗುವ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಗಿರಾಕಿಯೊಬ್ಬ ಬಾಗಿಲು ತಳ್ಳಿದ ಮೇಲೆಯೇ ಬಿಟ್ಟರು.

* * *

ಭಾನುವಾರ ಎಲ್ಲರೂ ಹಿತ್ತಿಲಲ್ಲಿ ಸೇರಿದರು. ಇನ್ಸ್‌ಪೆಕ್ಟರ್ ಬಾಯಿ ತೆರೆಯುವ ಮುಂಚೆ ಮೇಷ್ಟ್ರೇ ಮುಂದೆ ಬಂದರು.

"ಅಂಟಿಸಿದ್ದು ನಾನು." ಕೈ ಎತ್ತಿ ತೋರಿಸಿದರು. "ಯಾಕೆ ಅಂದ್ರೆ ಇದಕ್ಕೆ."

ಟೈಲರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಡ್ರೈವರ್ ಒಂದು ಹೆಜ್ಜೆ ಮುಂದೆ ಬಂದ.

"ಒಂದು ಮಾತು ಕೇಳ್ಲಾ ಮೇಷ್ಟ್ರೇ? ನನಗೆ ಡ್ರೈವಿಂಗ್ ಕಲಿಸಿದ ನಮ್ಮ ದೊಡ್ಡಪ್ಪ ಆಗ್ಲೇ ಕಾಲು ಕಳ್ಕೊಂಡಿದ್ರು. ಪಕ್ಕದ ಸೀಟಲ್ಲಿ ಕೂತೇ ಕಲಿಸಿದ್ದು. ಇವತ್ತಿಗೂ ನನ್ನ ಬಸ್ಸು ಯಾರಿಗೂ ಗುದ್ದಿಲ್ಲ."

ಮೇಷ್ಟ್ರು ಅವನನ್ನೇ ದಿಟ್ಟಿಸಿದರು. ಇನ್ಸ್‌ಪೆಕ್ಟರ್ ಅವರ ಮುಖ ನೋಡಲಾಗದೆ ಬೇಲಿಯ ಕಡೆ ತಿರುಗಿ ನಿಂತರು. ಈಗ ಹೇಳುತ್ತಾರೆ, ಕ್ಲಾಸ್ ಇಲ್ಲ ಅಂತ.

"ಮೇಡಂ," ಮೇಷ್ಟ್ರ ದನಿ ಹಿಂದಿನಿಂದ ಬಂತು, ತೀರಾ ಮೆಲ್ಲಗೆ. "ಹಾಗೇ ನಿಂತಿರಿ. ನಿಮ್ಮ ಎಡಭುಜದ ಮೇಲೆ ಮಿಡತೆ ಮರಿ ಕೂತಿದೆ."

ಬೇರೆ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ.

"ಡಾಕ್ಟ್ರೇ, ಬಲಗಡೆಯಿಂದ ಬನ್ನಿ, ನಿಮ್ಮ ನೆರಳು ಬೀಳುತ್ತೆ. ಟೈಲರಮ್ಮ, ಇನ್ನೂ ಕೆಳಗೆ. ಡ್ರೈವರೇ, ಅವಸರ ಬೇಡ. ಅದು ಮೀಸೆ ಒರೆಸ್ಕೋತಿದೆ, ಮುಗಿಸ್ಲಿ. ಈಗ ತಲೆ ಎತ್ತುತ್ತೆ ನೋಡಿ. ಈಗ."

ಮೂರು ಕ್ಯಾಮೆರಾ ಒಟ್ಟಿಗೆ ಸದ್ದು ಮಾಡಿದವು. ಮಿಡತೆ ಹಾರಲಿಲ್ಲ.

"ಇನ್ನೊಂದು ಸಲ" ಅಂದರು ಮೇಷ್ಟ್ರು. "ಮುಂದಿನ ವಾರ ಹಾರೋ ಹುಳದ ರೆಕ್ಕೆಯ ಫೋಟೋ ಹೇಗೆ ತೆಗೆಯೋದು ಅಂತ ಹೇಳ್ಕೊಡ್ತೀನಿ."

ಇನ್ಸ್‌ಪೆಕ್ಟರ್ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಒರೆಸಿಕೊಂಡರೆ ಭುಜ ಅಲುಗುತ್ತದೆ. ಅವರು ಒರೆಸಿಕೊಳ್ಳಲಿಲ್ಲ.