ಚೀಟಿಯಲ್ಲೊಂದು ತಿದ್ದುಪಡಿ

ರತನ್‌ನ ಬಾಯಿಗೆ ಬೀಗವಿಲ್ಲ ಎನ್ನುತ್ತಿದ್ದರು ಊರಿನವರು. ಬೀಗ ಎಲ್ಲಿದೆ ಎಂದು ಗೊತ್ತಿದ್ದದ್ದು ಮೋಕ್ಷಿತಾಗೆ ಮಾತ್ರ.

ಆರು ವರ್ಷ ಮುಂಬಯಿಯ ತಂಡಕ್ಕೆ ಕಬಡ್ಡಿ ಆಡಿ, ಮಂಡಿ ಮುರಿದುಕೊಂಡು ಗಂಗೊಳ್ಳಿಗೆ ಮರಳಿದ ಮೇಲೆ ಅವನು ಹಿಡಿದದ್ದು ಮೈಕು. ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಎಲ್ಲಿ ಪಂದ್ಯಾಟ ನಡೆದರೂ 'ಕಡಲ ಲೈವ್' ಎಂಬ ಯೂಟ್ಯೂಬ್ ಚಾನೆಲ್ ಅದನ್ನು ಮೊಬೈಲಿಗೆ ತಲುಪಿಸುತ್ತದೆ. ಅದರ ವೀಕ್ಷಕ ವಿವರಣೆ ಈಗ ಅವನದೇ.

ಪ್ರೊಡ್ಯೂಸರ್ ಮೋಕ್ಷಿತಾ. ಮೈದಾನದ ಹಿಂದೆ ನಿಲ್ಲಿಸಿದ ವ್ಯಾನಿನೊಳಗೆ ಅವಳ ಜಾಗ. ಮೂರು ಕ್ಯಾಮೆರಾಗಳಲ್ಲಿ ಎರಡು ಅಂಕಣಕ್ಕೆ, ಮೂರನೆಯದು ರತನ್‌ನ ಮುಖಕ್ಕೆ. ಎದುರಿಗೊಂದು ಕೆಂಪು ಗುಂಡಿ. ಒತ್ತಿ ಮಾತಾಡಿದರೆ ಅವನ ಕಿವಿಗೆ ಮಾತ್ರ ಕೇಳುತ್ತದೆ. ಅವನು ಉತ್ತರ ಕೊಟ್ಟರೆ ಊರಿಗೆಲ್ಲ ಕೇಳುತ್ತದೆ.

"ಸ್ಕೋರ್ ಹೇಳಿ."

"ನಿಧಾನ, ನಿಧಾನ."

"ಇವತ್ತಿನ ನೀಲಿ ಅಂಗಿ ಲಾಯ್ಕ್ ಇತ್ತ್."

ಮೂರನೆಯ ಮಾತಿಗೆ ಅವನ ಕಿವಿ ಕೆಂಪಾಗುವುದನ್ನು ಅವಳು ಪರದೆಯಲ್ಲಿ ನೋಡುತ್ತಿದ್ದಳು. ಒಂದು ವರ್ಷ ಅಷ್ಟರಲ್ಲೇ ಸಮಾಧಾನ ಪಟ್ಟುಕೊಂಡಳು. ಈಗ ಸಾಕಾಗಿ ಹೋಗಿತ್ತು.

ಮುಂಬಯಿಯ ಕ್ರೀಡಾ ವಾಹಿನಿಯೊಂದು ಕನ್ನಡ ವಿಭಾಗಕ್ಕೆ ಇಬ್ಬರನ್ನೂ ಕರೆದಿತ್ತು. ಅವಳು ಸಹಿ ಹಾಕಿ ಕಳಿಸಿಯೂ ಆಗಿತ್ತು. ಆದರೆ ಅದನ್ನು ಅವನಿಗೆ ಹೇಳಿರಲಿಲ್ಲ. ಅವನೇ ಬಾಯಿಬಿಟ್ಟು ಕೇಳಲಿ ಎಂಬ ಹಟ.

"ಎಂತ ಮಾಡಿದ್ರಿ ರತನ್? ಸಹಿ ಹಾಕುಕೆ ನಾಳೆ ಕಡೀ ದಿನ."

"ಕಾಂಬ."

"ಮೂರ್ ವಾರದಿಂದ ಕಾಂಬ ಅಂಬ್ರಿ. ಯಾವಾಗ ಕಾಂಬುದ್?"

"ಕಾಂಬ ಮರಾಯ್ರೆ."

ನೋಡೋಣ ಎನ್ನುವ ಆ ಒಂದು ಮಾತನ್ನು ಕುಂದಾಪುರದ ಗಂಡಸರಿಗೆ ಯಾರು ಕಲಿಸಿದರೋ! ಕಳೆದ ವಾರ ಗುಲ್ವಾಡಿಯ ಹೊಳೆದಂಡೆಯಲ್ಲಿ ಗೋಳಿಬಜೆ ತಿನ್ನುತ್ತಾ ಅವಳು ಮಾನ ಬಿಟ್ಟು ಕೇಳಿದ್ದಳು.

"ನಾ ಹೋದ್ರೆ ನಿಮ್ಗೆ ಬೇಜಾರಿಲ್ಯಾ?"

ಅವನು ಅವಳನ್ನು ನೋಡಿದ. ಹೊಳೆಯನ್ನು ನೋಡಿದ. ಮಂಡಿಯನ್ನು ಹೆಬ್ಬೆರಳಿನಿಂದ ಒತ್ತಿಕೊಂಡ. ತುಟಿ ಅಲುಗಿತು.

"ಚಟ್ನಿ ಸ್ವಲ್ಪ ಖಾರ ಆಯ್ತ್, ಅಲ್ದಾ?" ಎಂದ.

ಹಾಗಾಗಿ ಇವತ್ತು, ಬೈಂದೂರಿನ ಫೈನಲ್ಲಿನಲ್ಲಿ, ಅವಳೊಂದು ಚೀಟಿ ಬರೆದಳು.

ಪಂದ್ಯದ ನಡುವೆ ದಾನಿಗಳ, ಗಣ್ಯರ ಹೆಸರು ಬರೆದ ಚೀಟಿಗಳು ಮೇಜಿಗೆ ಬರುತ್ತಲೇ ಇರುತ್ತವೆ. ರತನ್‌ನ ಗಮನವೆಲ್ಲ ಅಂಕಣದ ಮೇಲೆ. ಬಂದ ಚೀಟಿಯನ್ನು ಬಂದ ಹಾಗೆ ಓದಿ ಎಸೆಯುವುದು ಅವನ ಅಭ್ಯಾಸ. ಶಂಕರನಾರಾಯಣದ ಪಂದ್ಯದಲ್ಲಿ ಒಮ್ಮೆ "ಹದಿನೈದು ಟೀ, ಸಕ್ಕರೆ ಇಲ್ಲದ್ದು ಎರಡು, ಇವರಿಗೆಲ್ಲ ಆದರದ ಸ್ವಾಗತ" ಎಂದು ಓದಿದ ಮಹಾನುಭಾವ.

"ಇದನ್ನೂ ಓದ್ಸಿ ಸುಧಾಕರಣ್ಣ," ಎಂದು ಅವಳು ಸಂಘಟಕರ ಕೈಯಲ್ಲಿ ಚೀಟಿ ಇಟ್ಟು ವ್ಯಾನ್ ಹತ್ತಿದಳು.

ಅವನು ಓದಿದ. ತುಂಬು ಕಂಠದಿಂದಲೇ ಓದಿದ. "ನಮ್ಮ ಚಾನೆಲ್‌ನ ಮೋಕ್ಷಿತಾ ನಾಡಿದ್ದು ಮುಂಬಯಿಗೆ ಹೊರಟಿದ್ದಾರೆ. ಇದು ಅವರ ಕೊನೆಯ ಪಂದ್ಯ. ಅವರಿಗೆ ಶುಭ ಕೋರೋಣ. ಹಾಗೆಯೇ ಮಜ್ಜಿಗೆಯ ವ್ಯವಸ್ಥೆ ಮಾಡಿದ ಐಸ್ ಪ್ಲಾಂಟಿನ ಮಾಲಕರಿಗೂ ಧನ್ಯವಾದಗಳು!"

ಮೋಕ್ಷಿತಾ ಹಣೆ ಚಚ್ಚಿಕೊಂಡಳು. ಮಜ್ಜಿಗೆಗೂ ತನಗೂ ಒಂದೇ ರಾಗ! ಇಂಥವನಿಗಾಗಿ ಒಂದು ವರ್ಷ ನಿದ್ದೆ ಕೆಟ್ಟೆನಲ್ಲ ಎಂದು ಅಳು ಬಂತು.

"ರೇಡರ್ ಬಲಕ್ಕೆ ಸರಿದಿದ್ದಾನೆ, ಮೂಲೆಯ ಆಟಗಾರ ಕಾಲಿಗೆ..."

ದನಿ ಅಲ್ಲಿಗೇ ನಿಂತಿತು. ಪರದೆಯಲ್ಲಿ ನೋಡಿದರೆ ರತನ್ ಎಸೆದ ಚೀಟಿಯನ್ನು ಎತ್ತಿಕೊಂಡು ಮತ್ತೆ ಓದುತ್ತಿದ್ದ.

"ಮಾತಾಡಿ ರತನ್, ಲೈವ್ ಇತ್ತ್!"

ಅವನು ಹೆಡ್‌ಸೆಟ್ ತೆಗೆದಿಟ್ಟು ಎದ್ದು ಹೋದ.

ಆಟ ಮುಗಿಯಲು ನಾಲ್ಕು ನಿಮಿಷ. ಎರಡೂ ಕಡೆ ಇಪ್ಪತ್ತೆಂಟು. 'ಸೌಂಡ್ ಇಲ್ಲೆ' ಎಂದು ಕಾಮೆಂಟುಗಳ ಸುರಿಮಳೆ. ಮೋಕ್ಷಿತಾ ಒಂದು ಕ್ಯಾಮೆರಾವನ್ನು ಲೈವ್‌ನಲ್ಲಿಟ್ಟು ವ್ಯಾನಿನಿಂದ ಹಾರಿ ಓಡಿದಳು. ಮೇಜಿನ ಹತ್ತಿರ ಖಾಲಿ ಕುರ್ಚಿ.

"ಎಂತ ಆಯ್ತ್ ಮಗಾ? ರತನ್ ಎಲ್ಲಿ ಹೋದ?" ಸುಧಾಕರಣ್ಣ ಕಂಗಾಲು.

"ಓಡಿ ಹೋದ್ರ್!" ಎಂದು ಹಲ್ಲು ಕಚ್ಚಿ ಅವಳೇ ಹೆಡ್‌ಸೆಟ್ ಹಾಕಿಕೊಂಡಳು. ಅದಿನ್ನೂ ಬೆಚ್ಚಗಿತ್ತು. ಆಟ ವಿವರಿಸತೊಡಗಿದಳು.

"ಮೋಕ್ಷಿತಾ."

ಕಿವಿಯೊಳಗೆ ಅವನ ದನಿ. ಅವನು ಕುಂಟುತ್ತಾ ಕ್ಯಾಂಟೀನಿನ ಹಿಂದಿನಿಂದ ವ್ಯಾನಿಗೆ ಹೋಗಿ ಕೆಂಪು ಗುಂಡಿ ಒತ್ತಿದ್ದ. ಇವಳು ಗ್ಯಾಲರಿಯ ಮುಂದಿನಿಂದ ಬಂದಿದ್ದಳು.

"ನಿಮ್ಮನ್ನ್ ಹುಡ್ಕಂಡ್ ಬಂದೆ. ಕಂಡ್ರೆ ನೀವ್ ಅಲ್ಲಿದ್ರಿ."

ಬೈಯಲು ಬಾಯಿ ತೆರೆದಳು. ಎದುರಿಗೆ ಮೈಕು. "ಹಸಿರು ತಂಡದ ರೇಡ್!" ಎಂದಳು.

"ಮುಂಬಯಿಂದ ಸ್ಟ್ರೆಚರಲ್ಲಿ ಬಂದವ ನಾ. ಆ ಊರ್ ನೆನ್ಪಾರೆ ಈಗ್ಳೂ ಕಾಲ್ ನಡುಗತ್ತ್. ಅದ್ಕೇ ಕಾಂಬ ಅಂದದ್."

"ಬೋನಸ್ ಅಂಕ! ಹಸಿರು ತಂಡಕ್ಕೆ ಬೋನಸ್ ಅಂಕ!"

"ಮೈಕ್ ಹಿಡುಕೆ ನಂಗೆ ಧೈರ್ಯ ಬಂದದ್ದೇ ನಿನ್ನ ದನಿ ಕೆಮಿಯಗೆ ಇತ್ತ್ ಅಂದೇಳಿ. ನೀ ಇಲ್ದಿರೆ ನಂಗೆ ಆತಿಲ್ಲೆ. ನೀ ಅಂದ್ರೆ ನಂಗೆ ಪ್ರಾಣ ಮಾರಾಯ್ತಿ. ನಾನೂ ಬತ್ತೆ."

ಒಂದು ವರ್ಷದ 'ನೀವು' ಹೋಗಿ 'ನೀ' ಬಂದಿತ್ತು. ಕಿವಿಗೆ ಬಿದ್ದ ಮಾತಿಗೆ ಉತ್ತರ ಕೊಡಲಾಗದೆ ಕೂರುವುದೆಂದರೆ ಹೀಗಾ? ಒಂದು ವರ್ಷ ಅವನು ಹೀಗೇ ಕೂತಿದ್ದನಲ್ಲ, ಪಾಪ ಎಂದು ಮೋಕ್ಷಿತಾಗೆ ಅನಿಸಿತು. ಮರುಕ್ಷಣವೇ ಸಿಟ್ಟೂ ಬಂತು. ಮೈಕ್ ಆಫ್ ಆದ ಮೇಲಾದರೂ ಹೇಳಬಹುದಿತ್ತಲ್ಲ, ಚಟ್ನಿಯ ಸುದ್ದಿ ಯಾಕೆ ಬೇಕಿತ್ತು?

"ಹ್ವಾಯ್," ಎಂದಿತು ಕಿವಿಯೊಳಗಿನ ದನಿ, ಅವಳದೇ ರಾಗದಲ್ಲಿ, "ಸ್ಕೋರ್ ಹೇಳಿ. ಮತ್ತೆ, ನಿಮ್ಮ ಕೆಮಿ ಕೆಂಪಾಯ್ತ್. ಇಲ್ಲಿ ದೊಡ್ಡದಾಯಿ ಕಾಣತ್ತ್."

ಅವಳು ಕಿವಿ ಮುಚ್ಚಿಕೊಂಡು, ನಗು ನುಂಗಿ, ಸ್ಕೋರ್ ಹೇಳಿದಳು.

ಮೂವತ್ತೊಂದು, ಮೂವತ್ತು. ಕೊನೆಯ ಸೀಟಿ ಮೊಳಗಿತು. ಸುಧಾಕರಣ್ಣ ಟ್ರೋಫಿ ಕೊಟ್ಟವರ ಚೀಟಿಗಳನ್ನು ಮುಂದಿಟ್ಟರು. ಎಲ್ಲವನ್ನೂ ಓದಿ ಮುಗಿಸಿ ಮೋಕ್ಷಿತಾ ತನ್ನದೇ ಚೀಟಿಯನ್ನು ಎತ್ತಿಕೊಂಡಳು.

"ಮೊದಲು ಓದಿದ ಚೀಟಿಯಲ್ಲಿ ಒಂದು ತಿದ್ದುಪಡಿ ಇದೆ, ದಯವಿಟ್ಟು ಗಮನಿಸಿ. ಮುಂಬಯಿಗೆ ಹೊರಟದ್ದು ಒಬ್ಬರಲ್ಲ, ಇಬ್ಬರು."

ಕಿವಿಯೊಳಗೆ ಯಾರೋ ಉಸಿರು ಬಿಟ್ಟ ಸದ್ದು.

"ಇನ್ನೊಬ್ರ ಹೆಸ್ರ್ ಓದ್ಲಿಲ್ಲೆ?"

ಮೋಕ್ಷಿತಾ ಮೂರನೇ ಕ್ಯಾಮೆರಾದತ್ತ ನೇರ ನೋಡಿದಳು.

"ಕಾಂಬ," ಎಂದಳು, ಊರಿಗೆಲ್ಲ ಕೇಳುವ ಹಾಗೆ.