ಝರೆಪ್ಪನ ಕಣಕ

ನಮ್ಮ ಭಜನೆ ಮೇಳದ ಯಜಮಾನ ಪಾಂಡುರಂಗ ಹೋದಲ್ಲೆಲ್ಲ ಮೇಳದ ಕ್ಯಾಸೆಟ್ಟಿನ ಬಗ್ಗೆ ಕೊಚ್ಚಿಕೊಳ್ಳುತ್ತಾನೆ: 'ಮಷೀನಿನ ತಾಳ ಕೇಳ್ರಿ, ಹ್ಯಾಂಗ ಕುಂತದ!' ನನಗೆ ಮೈ ಉರಿಯುತ್ತದೆ. ಅದನ್ನು ರೆಕಾರ್ಡ್ ಮಾಡಿದ ಕೋಣೆಯಲ್ಲಿ ಹಾರ್ಮೋನಿಯಂ ಹಿಡಿದು ಕೂತಿದ್ದವನು ನಾನು.

ಎಂಬತ್ತೇಳರ ಮೇ ತಿಂಗಳು, ಹುಮನಾಬಾದಿನ ಬಾಡಿಗೆ ಕೋಣೆ. ಮೂವತ್ತು ವರ್ಷ ನಮಗೆ ಪಖವಾಜ್ ನುಡಿಸಿದ ಝರೆಪ್ಪ ಕಾಕಾ ಮಂಠಾಳದಿಂದ ಬಂದು, ವಾದ್ಯದ ಎಡಮುಖಕ್ಕೆ ಮೆತ್ತಲು ಗೋಧಿ ಹಿಟ್ಟಿನ ಕಣಕ ನಾದುತ್ತಿದ್ದ. ಪಾಂಡುರಂಗ ಹೊಸ ಕೀಬೋರ್ಡಿನ ಗುಂಡಿ ಒತ್ತಿ ತಾಳ ಹಾಕಿದ. 'ಇನ್ನ ನಿನ್ನ ಕೆಲಸಿಲ್ಲ ಕಾಕಾ, ಊರಿಗಿ ಹೋಗು' ಎಂದ. ಕಾಕಾ ಕಣಕ ಕೈಯಲ್ಲಿ ಹಿಡಿದುಕೊಂಡೇ ಎದ್ದು ಹೋದ. ನಾವ್ಯಾರೂ ತಡೆಯಲಿಲ್ಲ.

ನಾಲ್ಕನೇ ದಿನ ಅವನು ತೀರಿಕೊಂಡ. ಮಣ್ಣಿಗೆ ಹೋಗಿ ಬಂದ ಮರುದಿನ ಮಧ್ಯಾಹ್ನವೇ ಪಾಂಡುರಂಗ ನಮ್ಮನ್ನು ಮತ್ತೆ ರೆಕಾರ್ಡಿಂಗಿಗೆ ಕೂರಿಸಿದ.

ನಮ್ಮ ಹಾಡುಗಾರ್ತಿ ಕೇಶರಬಾಯಿ ಪ್ರತಿ ಚರಣದ ಕೊನೆಗೆ ಉಸಿರಿಗಾಗಿ ತುಸು ನಿಲ್ಲುತ್ತಾಳೆ. ಝರೆಪ್ಪ ಒಬ್ಬನೇ ಅವಳಿಗಾಗಿ ಕೈ ತಡೆಯುತ್ತಿದ್ದ. ಅಷ್ಟು ದಿನ ಮಷೀನು ತಡೆದಿರಲಿಲ್ಲ; ಅಂದು ಪ್ರತಿ ಚರಣಕ್ಕೂ ತಡೆಯಿತು. ಕೋಣೆಯಲ್ಲೆಲ್ಲ ಹಸಿ ಹಿಟ್ಟಿನ ವಾಸನೆ.

'ಅಣ್ಣಾ, ತಾಳ ನನ್ನ ಸಲುವಾಗಿ ನಿಲ್ಲಾಕತ್ತದ,' ಎಂದಳು ಕೇಶರಬಾಯಿ, ಹಾಡು ನಿಲ್ಲಿಸಿ.

'ಛಲೋ ಆಯ್ತಲ್ಲ, ಹಾಡು!' ಎಂದ ಪಾಂಡುರಂಗ.

ಸಂಜೆ ನೋಡಿದರೆ ಕೀಬೋರ್ಡಿನ ಎಡ ಸ್ಪೀಕರಿಗೆ ಕಣಕ ಮೆತ್ತಿತ್ತು, ಬೆರಳಿನ ಗುರುತು ಸಮೇತ. ಪಾಂಡುರಂಗ ಅದನ್ನು ಮುಟ್ಟಲೂ ಇಲ್ಲ. ಕೀಬೋರ್ಡನ್ನು ನನ್ನ ಮನೆಗೆ ಸಾಗಹಾಕಿ, ಕ್ಯಾಸೆಟ್ಟಿನ ಮೇಲೆ 'ತಾಳ: ಪಾಂಡುರಂಗ' ಎಂದು ಅಚ್ಚು ಹಾಕಿಸಿದ.

ನಮ್ಮ ಬಿಸಿಲಿಗೆ ಕಣಕ ಒಂದು ಮಧ್ಯಾಹ್ನದಲ್ಲಿ ಕಲ್ಲಾಗುತ್ತದೆ. ಎರಡು ಬೇಸಿಗೆ ಕಳೆದವು. ಇದು ಇನ್ನೂ ಒಣಗಿಲ್ಲ.