ಒಂದು ಮೀಟರ್ ಬಿಳಿ ಬಟ್ಟೆ

ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಎರಡು ತಿಂಗಳಿಂದ ಹೊಸಿಲು ದಾಟದಿದ್ದ ನನ್ನ ಅಕ್ಕ, ಒಂಬತ್ತು ದಿನದ ಜ್ವರದಲ್ಲಿ ಒಸಡಿನಿಂದ ರಕ್ತ ಸುರಿದು ಸತ್ತಳು. ಲ್ಯಾಬ್ ವರದಿಯಲ್ಲಿ ಅನುಮಾನವಿರಲಿಲ್ಲ — ಉಣುಗು ಎಂಬ ರಕ್ತ ಹೀರುವ ಹುಳ ಕಚ್ಚಿ ಬರುವ ಕಾಡಿನ ಜ್ವರ.

ಕಾಡಿಗೇ ಹೋಗದವಳಿಗೆ ಕಾಡಿನ ಜ್ವರ?

ಬೀದಿಯವರು ಭಾವನತ್ತ ಬೆರಳು ತೋರಿಸಿದರು. ಅವನು ಮರ ಕಡಿಯುವವನು. ಮೈಮೇಲೆ ಹೊತ್ತು ತಂದಿದ್ದಾನೆ, ಇನ್ನು ಮಗಳ ಸರದಿ ಎಂದರು. ಆರು ವರ್ಷದ ಮಗುವನ್ನು ಅವನಿಂದ ಬಿಡಿಸಿ ತರಬೇಕೆಂದು ಅಮ್ಮ ಹಟ ಹಿಡಿದಳು. ನಾನೂ ಹೂಂಗುಟ್ಟಿದೆ. ಆರೋಗ್ಯ ಇಲಾಖೆಗಾಗಿ ಕಾಡಿನಲ್ಲಿ ಉಣುಗು ಎಣಿಸುವುದೇ ನನ್ನ ಉದ್ಯೋಗವಾದ್ದರಿಂದ ನನ್ನ ಮಾತಿಗೆ ತೂಕವೂ ಇತ್ತು.

ವಿಚಾರಣೆಗೆ ಬಂದವರು ನಮ್ಮ ಕಚೇರಿಯ ಡಾಕ್ಟರಮ್ಮ. ಜ್ವರದ ಮೂಲ ಹುಡುಕುವುದರಲ್ಲಿ ಎತ್ತಿದ ಕೈ. ನಗುವುದರಲ್ಲಿ ಮಾತ್ರ ಭಾರೀ ಜಿಪುಣಿ. ಸಹಾಯಕ್ಕೆ ನಾನೇ ಇದ್ದೆ.

ಮೊದಲು ಮನೆಯ ನಾಯಿಯ ಕಿವಿ, ಬೆರಳ ಸಂದು ನೋಡಿದರು. ಒಂದೂ ಇಲ್ಲ. ಮಗುವಿನ ತಲೆಯಲ್ಲೂ ಇಲ್ಲ. ಕಡಿದ ಮರವೆಲ್ಲ ನೇರ ಕಾರ್ಖಾನೆಗೆ ಹೋಗುತ್ತದೆ, ಮನೆಗೆ ಒಂದು ಚೂರೂ ತರುವುದಿಲ್ಲ ಎಂದ ಭಾವ.

“ಮೈಮೇಲಿನ ಬಟ್ಟೆ?”

“ಹಿತ್ತಲಲ್ಲೇ ಬಿಚ್ಚಿ ಕುದಿಯೋ ನೀರಿಗೆ ಹಾಕ್ತೀನಿ. ಮದುವೆಯಾದಾಗಿಂದ ಅವಳದೇ ಕಟ್ಟಪ್ಪಣೆ.” ಅವನು ಮಗಳನ್ನು ಹತ್ತಿರ ಎಳೆದುಕೊಂಡ. “ಮಗೂನ ಮಾತ್ರ ಕಿತ್ಕೋಬೇಡಿ.”

ಸುಳ್ಳು ಹೇಳುತ್ತಿದ್ದಾನೆಂದೇ ನನಗನ್ನಿಸಿತು. ಅವನ ಮೇಲೆ ಅಷ್ಟು ಸಿಟ್ಟಿತ್ತು.

ಡಾಕ್ಟರಮ್ಮ ಅಕ್ಕನ ಮಂಚದ ಮೇಲೆ ಕೂತು ಹೊಲಿಗೆ ಡಬ್ಬಿ ತೆರೆದರು. ಸೂಜಿಯಲ್ಲಿ ದಪ್ಪ ಬಿಳಿ ದಾರ ಹಾಗೇ ಇತ್ತು. ಕೊನೆಗೆ ಏನು ಹೊಲಿದಳು ಎಂದು ಕೇಳಿದರು. ಭಾವನಿಗೆ ತಿಳಿಯದು. ಮಗು ನನ್ನತ್ತ ನೋಡಿತು.

“ಮಾಮನ ಬಿಳಿ ಬಟ್ಟೆ. ಅಮ್ಮ ತೊಡೆ ಮೇಲೆ ಹಾಕ್ಕೊಂಡು ಅಂಚು ಹೊಲಿದ್ಲು.”

ಅದು ನಾನು ಕಾಡಿನ ನೆಲದ ಮೇಲೆ ಎಳೆಯುವ ಬಟ್ಟೆ. ಉದ್ದ ಒಂದು ಮೀಟರ್, ಅಗಲ ಒಂದು ಮೀಟರ್. ಹಾದುಹೋಗುವ ಪ್ರಾಣಿಯೆಂದು ಉಣುಗುಗಳು ಅದಕ್ಕೆ ಹತ್ತುತ್ತವೆ, ಚಿಮಟದಿಂದ ಹೆಕ್ಕಿ ಎಣಿಸುತ್ತೇನೆ. ಆಮೇಲೆ ಬಟ್ಟೆಯನ್ನು ಕಚೇರಿಯ ಬಿಸಿಗಾಳಿ ಪೆಟ್ಟಿಗೆಯಲ್ಲಿಡಬೇಕೆಂಬುದು ನಿಯಮ. ಅಂಚು ಬಿಚ್ಚಿಹೋಯಿತೆಂದು ಅಕ್ಕನಿಗೆ ಹೊಲಿಯಲು ಕೊಟ್ಟಿದ್ದೆ; ಅವಳಿಗೆ ಜ್ವರ ಬಂದಂದಿನಿಂದ ಅದು ನನ್ನ ಚೀಲದಲ್ಲೇ ಇತ್ತು.

ಡಾಕ್ಟರಮ್ಮ ಅದನ್ನು ತರಿಸಿ ಅಂಚಿನ ಹೊಲಿಗೆ ಕತ್ತರಿಸಿದರು. ಮಡಿಕೆಯೊಳಗಿಂದ ಗಸಗಸೆಯಷ್ಟು ಸಣ್ಣ ಮರಿ ಉಣುಗುಗಳು ಹೊರಬಂದವು. ಒಂದು. ಎರಡು. ಮೂರು.

“ಬಿಸಿಗೆ ಇಟ್ಟಿದ್ರಾ?”

“ಇಲ್ಲ ಮೇಡಂ. ಬಟ್ಟೆ ಕುಗ್ಗುತ್ತೆ. ಅಳತೆ ತಪ್ಪಿದ್ರೆ ಎಣಿಕೆನೂ ತಪ್ಪುತ್ತೆ. ತಣ್ಣೀರಲ್ಲಿ ಜಾಲಿಸಿದ್ದೆ.”

“ತಣ್ಣೀರಿಗೆ ಇವು ಸಾಯಲ್ಲ.” ಅವರ ದನಿ ಏರಲಿಲ್ಲ. “ಕಾಡಿಂದ ಈ ಮನೆಗೆ ಬರೋರು ಇಬ್ಬರು. ಎಲ್ಲರೂ ಒಬ್ಬನನ್ನೇ ನೋಡಿದ್ರು. ಅವನು ಬಟ್ಟೆ ಕುದಿಸ್ತಿದ್ದ. ನೀವು ಅಕ್ಕನ ತೊಡೆ ಮೇಲೆ ತಂದು ಹಾಕಿದ್ರಿ.”

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕೈಯಲ್ಲಿ ಮಗುವಿನ ಬಟ್ಟೆಯ ಗಂಟು.

“ಗಂಟು ಬಿಚ್ಚಮ್ಮ,” ಎಂದೆ. “ಮಗು ಅವಳಪ್ಪನ ಹತ್ರಾನೇ ಇರಲಿ. ಅಕ್ಕನ್ನ ಕೊಂದಿದ್ದು ನಾನು.”

ಭಾವ ಮಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಡಾಕ್ಟರಮ್ಮ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ವರದಿಗೆ ಬೇಕೆಂದು ನನ್ನ ಕೈಗೇ ಟೇಪು ಕೊಟ್ಟರು. ಕತ್ತರಿಸದೆ ಉಳಿದಿದ್ದ ಅಕ್ಕನ ಹೊಲಿಗೆಯುದ್ದಕ್ಕೂ ಹಿಡಿದು ನೋಡಿದೆ. ಒಂದು ಮೀಟರ್. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.